ಕೂದಲೆಳೆಯ ಅಂತರದ ಚುನಾವಣೆಗಳು ಮತ್ತು ಪ್ರಮಾಣಾನುಗುಣ ಪ್ರಾತಿನಿಧ್ಯ

ಮತಗಟ್ಟೆ:

1978ರಲ್ಲಿ ನ್ಯೂಜಿಲೆಂಡಿನ ಸಂಸತ್ ಚುನಾವಣೆಯಲ್ಲಿ ಲೇಬರ್ ಪಕ್ಷ ಶೇ 40.4ರಷ್ಟು ಮತ ಪಡೆಯಿತು, ನ್ಯಾಷನಲ್ ಪಕ್ಷ ಶೇ 39.8ರಷ್ಟು. ಸರ್ಕಾರ ರಚಿಸಿದ್ದು ನ್ಯಾಷನಲ್. ಅದಕ್ಕೆ ಸಿಕ್ಕ ಸ್ಥಾನ 51, ಲೇಬರ್‌ಗೆ 40. ಮೂರು ವರ್ಷದ ನಂತರ, 1981ರಲ್ಲಿ, ಮತ್ತೆ ಅದೇ ಕಥೆ: ಲೇಬರ್‌ಗೆ ಶೇ 39, ನ್ಯಾಷನಲ್‌ಗೆ ಶೇ 38.8, ಅಧಿಕಾರ ನ್ಯಾಷನಲ್‌ಗೆ. ಅದೇ ಚುನಾವಣೆಯಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷ ಶೇ 20.7ರಷ್ಟು ಮತ ಗಳಿಸಿ 92 ಸ್ಥಾನಗಳ ಸದನದಲ್ಲಿ ಇಬ್ಬರನ್ನು ಮಾತ್ರ ಕೂರಿಸಿತು. ಐವರು ಮತದಾರರಲ್ಲಿ ಒಬ್ಬರು ಒತ್ತಿದ ಮುದ್ರೆಗೆ ಸಿಕ್ಕ ಫಲ ಎರಡು ಕುರ್ಚಿ.

ಇಲ್ಲಿ ಯಾರೂ ಮತಪೆಟ್ಟಿಗೆ ಕದ್ದಿರಲಿಲ್ಲ, ಎಣಿಕೆಯಲ್ಲಿ ಮೋಸ ನಡೆದಿರಲಿಲ್ಲ. ನಿಯಮ ಹೇಳಿದಂತೆಯೇ ಎಲ್ಲವೂ ನಡೆಯಿತು. ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಎಷ್ಟು ಮತ ಬಂತು ಎನ್ನುವುದಕ್ಕಿಂತ ಅದು ಎಲ್ಲಿ ಬಂತು ಎನ್ನುವುದು ಮುಖ್ಯವಾಗುತ್ತದೆ. ಒಂದು ಪಕ್ಷ ತನ್ನ ಭದ್ರಕೋಟೆಗಳಲ್ಲಿ ಭಾರಿ ಅಂತರದಿಂದ ಗೆದ್ದು, ಉಳಿದ ಕಡೆ ಸ್ವಲ್ಪದರಲ್ಲಿ ಸೋತರೆ, ಕೋಟೆಯೊಳಗಿನ ಹೆಚ್ಚುವರಿ ಮತವೂ ಹೊರಗಿನ ಸೋತ ಮತವೂ ವ್ಯರ್ಥ. ಜಿದ್ದಾಜಿದ್ದಿಯ ಚುನಾವಣೆಯಲ್ಲಿ ಈ ದೋಷ ಅತ್ಯಂತ ಅಪಾಯಕಾರಿ. ಒಂದು ಪಕ್ಷ ಇಪ್ಪತ್ತು ಶೇಕಡಾ ಅಂಶ ಮುಂದಿದ್ದರೆ ಯಾವ ಪದ್ಧತಿಯಲ್ಲೂ ಅದೇ ಗೆಲ್ಲುತ್ತದೆ. ಅಂತರ ಒಂದು ಅಂಶಕ್ಕೆ ಇಳಿದಾಗ ಮಾತ್ರ ಕ್ಷೇತ್ರಗಳ ಗಡಿರೇಖೆಗಳು ಮತದಾರರ ತೀರ್ಪನ್ನು ತಲೆಕೆಳಗು ಮಾಡಬಲ್ಲವು.

ಹಳೆಯ ಉದಾಹರಣೆ ಎನ್ನುವವರು ಕೆನಡಾ ನೋಡಲಿ. 2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಶೇ 34.3 ಮತ, 121 ಸ್ಥಾನ. ಲಿಬರಲ್ ಪಕ್ಷಕ್ಕೆ ಶೇ 33.1 ಮತ, 157 ಸ್ಥಾನ. 2021ರಲ್ಲಿ ಹೆಚ್ಚುಕಡಿಮೆ ಇದೇ ಅಂಕಿಗಳು ಮರುಕಳಿಸಿದವು. 2019ರಲ್ಲೇ ಕ್ವಿಬೆಕ್ ಪ್ರಾಂತಕ್ಕೆ ಸೀಮಿತವಾದ ಬ್ಲಾಕ್ ಕ್ವಿಬೆಕ್ವಾ ದೇಶದ ಶೇ 7.6 ಮತದಿಂದ 32 ಸ್ಥಾನ ಪಡೆದರೆ, ಅದರ ಎರಡು ಪಟ್ಟಿಗೂ ಹೆಚ್ಚು ಮತ ಪಡೆದ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 24 ಸ್ಥಾನ ಬಂತು. ಒಂದೇ ಕಡೆ ಗುಂಪಾಗಿ ವಾಸಿಸುವವರ ಮತಕ್ಕೆ ಬೆಲೆ, ದೇಶದುದ್ದಕ್ಕೂ ಚದುರಿದವರ ಮತಕ್ಕೆ ಇಲ್ಲ.

ಇದರ ಇನ್ನೊಂದು ಪರಿಣಾಮದ ಬಗ್ಗೆ ಚರ್ಚೆ ಕಡಿಮೆ. ಆ ವರ್ಷ ಆಲ್ಬರ್ಟಾ ಪ್ರಾಂತದಲ್ಲಿ ಲಿಬರಲ್ ಪಕ್ಷಕ್ಕೆ ಶೇ 13ಕ್ಕಿಂತ ಹೆಚ್ಚು ಮತ ಬಿದ್ದಿತ್ತು, ಆದರೆ ಗೆದ್ದವರು ಒಬ್ಬರೂ ಇಲ್ಲ. ದೇಶವನ್ನು ಆಳುವ ಪಕ್ಷಕ್ಕೆ ಒಂದು ದೊಡ್ಡ ಪ್ರಾಂತದಿಂದ ಸಂಸದರೇ ಇಲ್ಲ. ಆ ಪ್ರಾಂತದಲ್ಲಿ ಲಿಬರಲ್ ಮತದಾರರೇ ಇಲ್ಲವೇನೋ ಎಂಬಂತೆ ಭೂಪಟ ಹೆಚ್ಚುಕಡಿಮೆ ಏಕವರ್ಣವಾಯಿತು. ಪ್ರಾಂತ ಪ್ರಾಂತಗಳ ನಡುವೆ ಇರುವ ಬಿರುಕನ್ನು ಇಂಥ ಭೂಪಟ ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ನಂತರ ಜನರೂ ಹಾಗೆಯೇ ಯೋಚಿಸತೊಡಗುತ್ತಾರೆ.

ನನ್ನ ವಾದ ಇಷ್ಟು: ದೇಶ ಸಮಸಮವಾಗಿ ಹಂಚಿಹೋಗಿದ್ದರೆ ಸದನವೂ ಸಮಸಮವಾಗಿಯೇ ಹಂಚಿಹೋಗಬೇಕು. ಕೂದಲೆಳೆಯ ಗೆಲುವಿಗೆ ಕೂದಲೆಳೆಯಷ್ಟೇ ಅಧಿಕಾರ ಸಿಗಬೇಕು. ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಪಕ್ಷ ಪಡೆದ ಮತದ ಪಾಲಿಗೆ ತಕ್ಕಷ್ಟು ಸ್ಥಾನ ಕೊಡುವ ಪದ್ಧತಿ ಬಿಟ್ಟು ಬೇರೆ ಯಾವುದೂ ಇದನ್ನು ನೆಚ್ಚುವಷ್ಟರ ಮಟ್ಟಿಗೆ ಮಾಡಿ ತೋರಿಸಿಲ್ಲ.

ಹಳೆಯ ಓದುಗ:

ಮತಗಟ್ಟೆಯವರೇ, ಅಂಕಿಅಂಶ ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಚುನಾವಣೆ ನಡೆಸುವುದು ದೇಶದ ಕನ್ನಡಿ ತಯಾರಿಸುವುದಕ್ಕಲ್ಲ, ಸರ್ಕಾರ ರಚಿಸುವುದಕ್ಕೆ. ಕ್ಷೇತ್ರ ಪದ್ಧತಿಯಲ್ಲಿ ಬಹುಪಾಲು ಸಲ ಎಣಿಕೆಯ ರಾತ್ರಿಯೇ ಪ್ರಧಾನಿ ಯಾರೆಂದು ಗೊತ್ತಾಗುತ್ತದೆ. ಐದು ವರ್ಷದ ನಂತರ ಅವರನ್ನು ಕಿತ್ತೊಗೆಯಬೇಕಾದರೆ ಯಾರಿಗೆ ಮತ ಹಾಕಬೇಕೆಂದೂ ಗೊತ್ತಿರುತ್ತದೆ. ಪಕ್ಷದ ಅಭ್ಯರ್ಥಿಗಳ ಪಟ್ಟಿಗೆ ಮತ ಹಾಕುವ ಪದ್ಧತಿಯಲ್ಲಿ ಮತದಾರ ಮನೆಗೆ ಹೋದ ಮೇಲೆ ಮುಖಂಡರು ಬಾಗಿಲು ಹಾಕಿಕೊಂಡು ಸರ್ಕಾರ ಕಟ್ಟುತ್ತಾರೆ.

ಆಮೇಲೆ ಪ್ರಮಾಣಾನುಗುಣ ಪದ್ಧತಿಗೆ ಬದಲಾದ ಅದೇ ನ್ಯೂಜಿಲೆಂಡಿನಲ್ಲಿ 2017ರಲ್ಲಿ ಏನಾಯಿತು? ನ್ಯಾಷನಲ್ ಪಕ್ಷ ಶೇ 44.4 ಮತ, 56 ಸ್ಥಾನ ಪಡೆದು ಅತಿ ದೊಡ್ಡ ಪಕ್ಷವಾಯಿತು. ಶೇ 36.9 ಪಡೆದ ಲೇಬರ್ ಪಕ್ಷ ಸರ್ಕಾರ ರಚಿಸಿತು. ತೀರ್ಮಾನಿಸಿದ್ದು ಯಾರು? ಶೇ 7.2 ಮತ ಪಡೆದ ನ್ಯೂಜಿಲೆಂಡ್ ಫಸ್ಟ್. ಇದು ಮತದಾರರ ತೀರ್ಪೋ, ಸಣ್ಣ ಪಕ್ಷದ ಚೌಕಾಸಿಯೋ? ಇಸ್ರೇಲಿನಲ್ಲಿ 2019ರಿಂದ 2022ರೊಳಗೆ ಐದು ಸಾರ್ವತ್ರಿಕ ಚುನಾವಣೆ ನಡೆದವು. ಬೆಲ್ಜಿಯಂನಲ್ಲಿ 2010–11ರಲ್ಲಿ ಪೂರ್ಣ ಸರ್ಕಾರವಿಲ್ಲದೆ 541 ದಿನ ಕಳೆಯಿತು. ಅನ್ಯಾಯದ ಫಲಿತಾಂಶಕ್ಕಿಂತ ಅತಂತ್ರ ಫಲಿತಾಂಶ ಕೆಲವೊಮ್ಮೆ ಹೆಚ್ಚು ಕೇಡು ಮಾಡುತ್ತದೆ.

ಮತಗಟ್ಟೆ:

2017ರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲೇ ಉತ್ತರವಿದೆ. ಲೇಬರ್ 46, ನ್ಯೂಜಿಲೆಂಡ್ ಫಸ್ಟ್ 9, ಗ್ರೀನ್ 8, ಒಟ್ಟು 63. ಸದನದ ಬಲ 120. ಈಗ ಆ ಮೂರೂ ಪಕ್ಷಗಳ ಮತ ಕೂಡಿಸಿ: 36.9, 7.2, 6.3. ಒಟ್ಟು ಶೇ 50.4. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆರಿಸಿದ ಪಕ್ಷಗಳು ಸೇರಿ ಸರ್ಕಾರ ಮಾಡಿದವು. 1978ರ ಸರ್ಕಾರದ ಹಿಂದೆ ಇದ್ದದ್ದು ಶೇ 39.8, ಅದೂ ಎರಡನೆಯ ಸ್ಥಾನದ ಮತ. ಅತಿ ದೊಡ್ಡ ಪಕ್ಷ ಹೊರಗುಳಿಯಿತು ನಿಜ, ಆದರೆ ಜೊತೆಗೂಡುವವರನ್ನು ಹುಡುಕಿಕೊಳ್ಳಲು ಅದಕ್ಕೆ ಆಗಲಿಲ್ಲ. ಶೇ 44 ಎಂದರೆ ಬಹುಮತವಲ್ಲ. ಕ್ಷೇತ್ರ ಪದ್ಧತಿ ನಮಗೆ ಅದನ್ನು ಬಹುಮತವೆಂದು ಕಾಣಲು ಅಭ್ಯಾಸ ಮಾಡಿಸಿದೆ.

ಸ್ಥಿರತೆಯ ಬಗ್ಗೆ. ಇಸ್ರೇಲ್ ಇಡೀ ದೇಶವನ್ನು 120 ಸ್ಥಾನಗಳ ಒಂದೇ ಕ್ಷೇತ್ರವಾಗಿ ಪರಿಗಣಿಸುತ್ತದೆ, ಸದನಕ್ಕೆ ಬರಲು ಪಕ್ಷಕ್ಕೆ ಬೇಕಾದ ಕನಿಷ್ಠ ಮತದ ಮಿತಿ ಶೇ 3.25 ಮಾತ್ರ, ಹಾಗಾಗಿ ಸಣ್ಣ ಪಕ್ಷಗಳಿಗೂ ಸುಲಭವಾಗಿ ಜಾಗ ಸಿಗುತ್ತದೆ. ಬೆಲ್ಜಿಯಂನದು ಎರಡು ದೊಡ್ಡ ಭಾಷಾ ಸಮುದಾಯಗಳ ದೇಶ. ಅಲ್ಲಿ ಬಿಕ್ಕಟ್ಟು ಹುಟ್ಟಿದ್ದು ಎಣಿಕೆಯ ವಿಧಾನದಿಂದಲ್ಲ. ಇತ್ತ ನ್ಯೂಜಿಲೆಂಡಿನಲ್ಲಿ ಹೊಸ ಪದ್ಧತಿ ಬಂದ 1996ರಿಂದ ಈಚೆಗೆ ಯಾವ ಸಂಸತ್ತೂ ಎರಡು ವರ್ಷ ತುಂಬುವ ಮೊದಲು ವಿಸರ್ಜನೆಯಾಗಿಲ್ಲ, ಅದೂ ಮೂರೇ ವರ್ಷದ ಅವಧಿಯ ದೇಶದಲ್ಲಿ. ಕ್ಷೇತ್ರ ಪದ್ಧತಿಯ ತವರಾದ ಬ್ರಿಟನ್ 2022ರ ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳನ್ನು ಕಂಡಿತು. ಆಗ ಆಳುವ ಪಕ್ಷಕ್ಕೆ ಭರ್ಜರಿ ಬಹುಮತವೇ ಇತ್ತು. ಸ್ಥಿರತೆಯನ್ನು ಎಣಿಕೆಯ ವಿಧಾನವೊಂದೇ ಕೊಡುತ್ತದೆ ಅಥವಾ ಕಸಿಯುತ್ತದೆ ಎನ್ನುವ ಮಾತಿಗೆ ಆಧಾರ ಸಾಲದು.

ಮುಚ್ಚಿದ ಬಾಗಿಲಿನ ಮಾತುಕತೆಯ ಬಗ್ಗೆ ನಿಮಗಿರುವ ಸಿಟ್ಟು ನನಗೂ ಇದೆ. ಆದರೆ ಏಕಪಕ್ಷ ಸರ್ಕಾರಗಳಲ್ಲೂ ಬಣಗಳ ಚೌಕಾಸಿ ನಡೆಯುತ್ತದೆ, ಅದು ಪಕ್ಷದ ಕಚೇರಿಯೊಳಗೆ ನಡೆಯುವುದರಿಂದ ನಮಗೆ ಕಾಣುವುದಿಲ್ಲ. ಸಮ್ಮಿಶ್ರ ಸರ್ಕಾರದ ಒಪ್ಪಂದವನ್ನು ಬರೆದು ಪ್ರಕಟಿಸುವ ರೂಢಿ ಎಷ್ಟೋ ದೇಶಗಳಲ್ಲಿದೆ. ಯಾರು ಏನು ಬಿಟ್ಟುಕೊಟ್ಟರು ಎಂದು ಮತದಾರ ಅದನ್ನು ಓದಿ ಮುಂದಿನ ಸಲ ಲೆಕ್ಕ ಕೇಳಬಹುದು.

ಲೆಕ್ಕದ ಮೇಷ್ಟ್ರು:

ಎಲ್ಲರೂ ತತ್ವ ಮಾತಾಡುತ್ತಿದ್ದೀರಿ, ಎಣಿಕೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ಮಾಡಿ ನೋಡೋಣ. ನ್ಯೂಜಿಲೆಂಡ್ ಬಳಸುವ ಸೇಂತ್ ಲಾಗ್ವೆ ವಿಧಾನ ಪ್ರೌಢಶಾಲೆಯ ಭಾಗಾಕಾರ ಗೊತ್ತಿದ್ದವರಿಗೆ ಸಾಕು.

ಹತ್ತು ಸ್ಥಾನಗಳಿವೆ, ಒಂದು ಲಕ್ಷ ಮತ ಚಲಾವಣೆಯಾಗಿದೆ ಎಂದುಕೊಳ್ಳಿ. ಅ ಪಕ್ಷಕ್ಕೆ 46,000, ಬ ಪಕ್ಷಕ್ಕೆ 44,000, ಕ ಪಕ್ಷಕ್ಕೆ 10,000. ಪ್ರತಿ ಪಕ್ಷದ ಮತವನ್ನು 1, 3, 5, 7, 9 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸುತ್ತಾ ಹೋಗಬೇಕು. ಅ ಪಕ್ಷದ ಸಾಲು: 46,000, 15,333, 9,200, 6,571, 5,111. ಬ ಪಕ್ಷದ್ದು: 44,000, 14,667, 8,800, 6,286, 4,889. ಕ ಪಕ್ಷದ್ದು: 10,000, 3,333. ಈ ಎಲ್ಲ ಸಂಖ್ಯೆಗಳಲ್ಲಿ ದೊಡ್ಡವು ಹತ್ತನ್ನು ಆರಿಸಿ. ಅ ಪಕ್ಷಕ್ಕೆ ಐದು, ಬ ಪಕ್ಷಕ್ಕೆ ನಾಲ್ಕು, ಕ ಪಕ್ಷಕ್ಕೆ ಒಂದು.

ಗಮನಿಸಬೇಕಾದದ್ದು ಹತ್ತನೆಯ ಸ್ಥಾನ. ಅದಕ್ಕೆ ಪೈಪೋಟಿ ಅ ಪಕ್ಷದ 5,111 ಮತ್ತು ಬ ಪಕ್ಷದ 4,889ರ ನಡುವೆ. ಸಾವಿರದಷ್ಟು ಮತ ಆ ಕಡೆಯಿಂದ ಈ ಕಡೆಗೆ ವಾಲಿದ್ದರೂ ಇಬ್ಬರೂ ಸಮನಾಗುತ್ತಿದ್ದರು. ಅಂದರೆ ಈ ಪದ್ಧತಿಯಲ್ಲೂ ಅಂಚಿನ ಜಿದ್ದಾಜಿದ್ದಿ ಇದ್ದೇ ಇರುತ್ತದೆ. ಆದರೆ ಸಣ್ಣ ವಾಲುವಿಕೆಯಿಂದ ಕೈಬದಲಾಗುವುದು ಆ ಒಂದು ಸ್ಥಾನ ಮಾತ್ರ. ಕ್ಷೇತ್ರ ಪದ್ಧತಿಯಲ್ಲಿ ಅದೇ ಎರಡು ಅಂಶದ ಅಂತರ ಹತ್ತು ಕ್ಷೇತ್ರಗಳಲ್ಲೂ ಒಂದೇ ಸಮನಾಗಿ ಹರಡಿದ್ದರೆ ಅ ಪಕ್ಷಕ್ಕೆ ಹತ್ತಕ್ಕೆ ಹತ್ತು, ಬ ಪಕ್ಷದ 44,000 ಜನರಿಗೆ ಸೊನ್ನೆ.

ಮತಗಟ್ಟೆಯವರಿಗೆ ಒಂದು ಎಚ್ಚರಿಕೆಯನ್ನೂ ಕೊಡಬೇಕು. ಪದ್ಧತಿಯ ಹೆಸರು ಬದಲಾದ ಮಾತ್ರಕ್ಕೆ ತಲೆಕೆಳಗಾದ ಫಲಿತಾಂಶ ತಪ್ಪುವುದಿಲ್ಲ. ಮಾಲ್ಟಾದಲ್ಲಿ ಇರುವುದು ಏಕ ವರ್ಗಾವಣೀಯ ಮತ ಪದ್ಧತಿ, ಅಂದರೆ ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡುವ ಪ್ರಮಾಣಾನುಗುಣ ಪದ್ಧತಿ. 13 ಕ್ಷೇತ್ರ, ಪ್ರತಿಯೊಂದರಲ್ಲೂ ಐದು ಸ್ಥಾನ. 1981ರಲ್ಲಿ ನ್ಯಾಷನಲಿಸ್ಟ್ ಪಕ್ಷ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಶೇ 50.9 ಪಡೆಯಿತು. ಲೇಬರ್ ಪಕ್ಷ ಶೇ 49.1 ಪಡೆದು 34 ಸ್ಥಾನಗಳೊಂದಿಗೆ ಅಧಿಕಾರ ಹಿಡಿಯಿತು, ನ್ಯಾಷನಲಿಸ್ಟರಿಗೆ 31. ಅವರು ಸಂಸತ್ತನ್ನೇ ಬಹಿಷ್ಕರಿಸಿದರು. ಐದೈದು ಸ್ಥಾನದ ಸಣ್ಣ ಕ್ಷೇತ್ರಗಳಲ್ಲಿ ಉಳಿದುಹೋದ ಚೂರುಪಾರು ಮತಗಳು ಒಟ್ಟಾದಾಗ ದೇಶದ ಮಟ್ಟದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ. ಕೊನೆಗೆ 1987ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ಮತಗಳಲ್ಲಿ ಬಹುಮತ ಪಡೆದ ಪಕ್ಷಕ್ಕೆ ಸ್ಥಾನಗಳಲ್ಲಿ ಬಹುಮತ ಬಾರದಿದ್ದರೆ ಹೆಚ್ಚುವರಿ ಸ್ಥಾನ ಕೊಡುವ ವ್ಯವಸ್ಥೆ ಮಾಡಿದರು. ಆ ವರ್ಷದ ಚುನಾವಣೆಯಲ್ಲೇ ಅದು ಬೇಕಾಯಿತು: ನ್ಯಾಷನಲಿಸ್ಟರ 31ಕ್ಕೆ ನಾಲ್ಕು ಸೇರಿ 35 ಆಯಿತು, ಲೇಬರ್ 34ರಲ್ಲೇ ಉಳಿಯಿತು. ಆದ್ದರಿಂದ ಯಾವ ಪದ್ಧತಿ ಎಂದು ಕೇಳುವುದರ ಜೊತೆಗೆ ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನ, ದೇಶದ ಮಟ್ಟದಲ್ಲಿ ಸರಿದೂಗಿಸುವ ಸ್ಥಾನಗಳಿವೆಯೇ ಎಂದೂ ಕೇಳಬೇಕು.

ಕೊನೆಯ ಬೆಂಚು:

ಮೇಷ್ಟ್ರೇ, ಲೆಕ್ಕ ಚೆನ್ನಾಗಿ ಅರ್ಥವಾಯಿತು. ನನ್ನ ಆತಂಕ ಬೇರೆ. ಪಟ್ಟಿಯಲ್ಲಿ ಮೊದಲ ಹೆಸರು ಯಾರದು, ಇಪ್ಪತ್ತನೆಯದು ಯಾರದು ಎಂದು ನಿರ್ಧರಿಸುವುದು ಪಕ್ಷದ ವರಿಷ್ಠರು. ಮೇಲಿನ ಐವರಲ್ಲಿ ಹೆಸರಿದ್ದರೆ ಮತದಾರ ಎಷ್ಟೇ ಸಿಟ್ಟಾಗಿದ್ದರೂ ಅವರು ಗೆದ್ದಂತೆಯೇ. ಕ್ಷೇತ್ರದ ಪ್ರತಿನಿಧಿಯನ್ನಾದರೆ ಮನೆಗೆ ಕಳುಹಿಸಬಹುದು, ಕೆಲಸವಾಗದಿದ್ದರೆ ಅವರ ಕಚೇರಿಗೆ ಹೋಗಿ ಕೇಳಬಹುದು. ಪಟ್ಟಿಯಿಂದ ಬಂದವರನ್ನು ಎಲ್ಲಿ ಹುಡುಕುವುದು? ಕ್ಷೇತ್ರ, ಪಟ್ಟಿ ಎರಡನ್ನೂ ಬೆರೆಸಿದ ಪದ್ಧತಿಯಿರುವ ಜರ್ಮನಿಯಲ್ಲಿ 2025ರಲ್ಲಿ ತಮ್ಮ ಕ್ಷೇತ್ರದಲ್ಲಿ ಮೊದಲ ಸ್ಥಾನ ಪಡೆದ 23 ಅಭ್ಯರ್ಥಿಗಳಿಗೆ ಸಂಸತ್ತಿನಲ್ಲಿ ಜಾಗವೇ ಸಿಗಲಿಲ್ಲ. ಆ ಕ್ಷೇತ್ರಗಳ ಜನರಿಗೆ ಏನು ಸಮಾಧಾನ ಹೇಳುತ್ತೀರಿ?

ಮತಗಟ್ಟೆ:

ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಆಕ್ಷೇಪ ಇದು. ಹೆಸರುಗಳ ಕ್ರಮವನ್ನು ಮತದಾರ ಬದಲಿಸಲಾಗದ ಮುಚ್ಚಿದ ಪಟ್ಟಿಯ ಪದ್ಧತಿಯನ್ನು ನಾನೂ ಬೆಂಬಲಿಸುವುದಿಲ್ಲ. ದಕ್ಷಿಣ ಆಫ್ರಿಕಾ 1994ರಿಂದ 400 ಸ್ಥಾನಗಳಿಗೆ ಮುಚ್ಚಿದ ಪಟ್ಟಿಯಿಂದ ಚುನಾವಣೆ ನಡೆಸುತ್ತಿದೆ. ಪ್ರಮಾಣ ನಿಖರವಾಗಿದೆ, ಸದಸ್ಯರ ನಿಷ್ಠೆ ಮಾತ್ರ ಮತದಾರರಿಗಿಂತ ಪಕ್ಷದ ಕಡೆಗೇ ಹೆಚ್ಚು ಎಂಬ ದೂರು ಅಲ್ಲಿ ಹಳೆಯದು.

ಐರ್ಲೆಂಡ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಪಟ್ಟಿಯೇ ಇಲ್ಲ, ಇರುವುದು ಮಾಲ್ಟಾದಂತೆ ಏಕ ವರ್ಗಾವಣೀಯ ಮತ. ಮೂರರಿಂದ ಐದು ಸ್ಥಾನಗಳ ಕ್ಷೇತ್ರದಲ್ಲಿ ಮತದಾರ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾನೆ. ಒಂದೇ ಪಕ್ಷದ ಇಬ್ಬರಲ್ಲಿ ಯಾರು ಬೇಕು ಎಂದು ಆರಿಸುವ ಅಧಿಕಾರವೂ ಅವನದೇ. ನಿಗದಿತ ಸಂಖ್ಯೆಗಿಂತ ಹೆಚ್ಚು ಬಂದ ಮತ ಮುಂದಿನ ಪ್ರಾಶಸ್ತ್ಯಕ್ಕೆ ಹೋಗುತ್ತದೆ, ಕೊನೆಯ ಸ್ಥಾನದವರನ್ನು ಕೈಬಿಟ್ಟಾಗ ಅವರ ಮತವೂ ಹಾಗೆಯೇ. ಆಳುವವರು 1959ರಲ್ಲಿ ಒಮ್ಮೆ, 1968ರಲ್ಲಿ ಇನ್ನೊಮ್ಮೆ ಈ ಪದ್ಧತಿಯನ್ನು ತೆಗೆದುಹಾಕಲು ಜನಮತಗಣನೆ ನಡೆಸಿದರು. ಎರಡೂ ಸಲ ಜನ ಬೇಡವೆಂದರು. ಕ್ಷೇತ್ರದ ನಂಟು ಕಡಿದುಹೋಗಿದ್ದರೆ ಜನ ಹೀಗೆ ಕಾಪಾಡಿಕೊಳ್ಳುತ್ತಿದ್ದರೇ?

ಜರ್ಮನಿಯ 23 ಮಂದಿಯ ವಿಷಯದಲ್ಲಿ ನಿಮ್ಮ ಬೇಸರ ನ್ಯಾಯವಾದದ್ದು. ಅಲ್ಲಿ ಪ್ರಮಾಣ ಸರಿದೂಗಿಸುವ ಹೆಚ್ಚುವರಿ ಸ್ಥಾನಗಳಿಂದ ಸದನ ಉಬ್ಬುತ್ತಾ ಹೋಗಿ 2021ರಲ್ಲಿ 736 ಸದಸ್ಯರಾದರು. 2023ರ ಕಾನೂನು ಅದನ್ನು 630ಕ್ಕೆ ಕಟ್ಟಿಹಾಕಿತು, ಅದರ ಬೆಲೆ ತೆತ್ತವರು ಕ್ಷೇತ್ರ ಗೆದ್ದವರು. ನಾನಾಗಿದ್ದರೆ ಸದನದ ಗಾತ್ರ ತುಸು ಸಡಿಲಗೊಳ್ಳಲು ಬಿಡುತ್ತಿದ್ದೆ. ಗೆದ್ದವರನ್ನು ಹೊರಗಿಡುವ ನಿಯಮ ಮತದಾರನಿಗೆ ಅರ್ಥವಾಗುವುದಿಲ್ಲ.

ಲೆಕ್ಕದ ಮೇಷ್ಟ್ರು:

ಕನಿಷ್ಠ ಮತದ ಮಿತಿಯ ಬಗ್ಗೆಯೂ ಮಾತಾಡಲೇಬೇಕು. ಟರ್ಕಿಯಲ್ಲಿ 2002ರಲ್ಲಿ ಇದ್ದದ್ದು ಪ್ರಮಾಣಾನುಗುಣ ಪದ್ಧತಿಯೇ. ಆದರೆ ಮಿತಿ ಶೇ 10. ಎರಡೇ ಪಕ್ಷಗಳು ಆ ಗೆರೆ ದಾಟಿದವು. ಶೇ 34.3 ಮತ ಪಡೆದ ಎಕೆ ಪಕ್ಷಕ್ಕೆ 550ರಲ್ಲಿ 363 ಸ್ಥಾನ. ಸುಮಾರು ಶೇ 45 ಮತಗಳಿಗೆ ಪ್ರಾತಿನಿಧ್ಯವೇ ಇಲ್ಲ. ಇದು ಯಾವ ಕ್ಷೇತ್ರ ಪದ್ಧತಿಗೂ ಕಡಿಮೆಯಿಲ್ಲದ ವಿಕೃತಿ. ಜರ್ಮನಿಯಲ್ಲಿ ಮಿತಿ ಶೇ 5; 2025ರಲ್ಲಿ ಒಂದು ಹೊಸ ಪಕ್ಷ ಶೇ 4.98ಕ್ಕೆ ನಿಂತು ಹೊರಗುಳಿಯಿತು. ನೆದರ್‌ಲೆಂಡ್ಸ್‌ನಲ್ಲಿ 150ರಲ್ಲಿ ಒಂದು ಪಾಲು ಮತ ಬಂದರೆ ಸಾಕು. ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಪದ್ಧತಿಯ ಗುಣವೇ ಬದಲಾಗುತ್ತದೆ.

ದಕ್ಷಿಣದ ಗಾಳಿ:

ಇಷ್ಟು ಹೊತ್ತು ಓದುತ್ತಿದ್ದೆ. ಶ್ರೀಮಂತ ದೇಶಗಳ ಉದಾಹರಣೆಗಳ ನಡುವೆ ಆಫ್ರಿಕಾದ ಪುಟ್ಟ ದೇಶ ಲೆಸೊಥೊ ಮರೆಯಬಾರದು. 1998ರಲ್ಲಿ ಅಲ್ಲಿ ಆಳುವ ಪಕ್ಷ ಸುಮಾರು ಶೇ 60 ಮತ ಪಡೆಯಿತು. ಅದು ನಿಜವಾದ ಬಹುಮತವೇ. ಆದರೆ 80ರಲ್ಲಿ 79 ಸ್ಥಾನ ಅದಕ್ಕೇ ಹೋಯಿತು. ಶೇ 24ರಷ್ಟು ಮತ ಪಡೆದ ಪ್ರತಿಪಕ್ಷಕ್ಕೆ ಒಂದೇ ಸ್ಥಾನ. ಮೋಸ ನಡೆದಿದೆ ಎಂದು ಜನ ಬೀದಿಗಿಳಿದರು, ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ಸೈನಿಕರು ಬಂದರು, ರಾಜಧಾನಿ ಮಸೇರು ಹೊತ್ತಿ ಉರಿಯಿತು. ನಂತರ 80 ಕ್ಷೇತ್ರಗಳಿಗೆ 40 ಪಟ್ಟಿ ಸ್ಥಾನ ಸೇರಿಸಿ 2002ರಲ್ಲಿ ಮಿಶ್ರ ಪದ್ಧತಿ ತಂದರು. ಅದೇ ಪ್ರತಿಪಕ್ಷಕ್ಕೆ ಆಗ 21 ಸ್ಥಾನ ಬಂತು. ಗೆದ್ದವರು ಮತ್ತೆ ಅವರೇ. ಸೋತವರಿಗೆ ಮಾತ್ರ ಸದನದೊಳಗೆ ನಿಂತು ಮಾತಾಡಲು ಜಾಗ ಸಿಕ್ಕಿತು. ಮುಂದೆ ಅಲ್ಲಿ ರಾಜಕೀಯ ಶಾಂತವಾಗಿಯೇನೂ ಇರಲಿಲ್ಲ. ಆದರೆ ಕಾಲುಭಾಗ ಮತದಾರರನ್ನು ಒಂದು ಕುರ್ಚಿಗೆ ಇಳಿಸಿದರೆ ಅವರು ಬೇರೆ ದಾರಿ ಹುಡುಕುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಹಳೆಯ ಓದುಗ:

ಲೆಸೊಥೊ ನನ್ನನ್ನು ಯೋಚನೆಗೆ ಹಚ್ಚಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಳೆಯ ಪದ್ಧತಿಯಿಂದಲೇ ಗೆದ್ದುಬಂದವರು ಅದನ್ನು ಯಾಕೆ ಬದಲಿಸುತ್ತಾರೆ? 2015 ಇದೇ ಪದ್ಧತಿಯ ಕೊನೆಯ ಚುನಾವಣೆ ಎಂದು ಕೆನಡಾದ ಲಿಬರಲ್ ಪಕ್ಷ ಮಾತು ಕೊಟ್ಟು, ಗೆದ್ದ ಮೇಲೆ ಕೈಬಿಟ್ಟಿತು. ಜನರ ಕೈಗೆ ಕೊಟ್ಟರೂ ಸುಲಭವಿಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2004ರಲ್ಲಿ ಪ್ರತಿ ಕ್ಷೇತ್ರದಿಂದ ಒಬ್ಬ ಮಹಿಳೆ, ಒಬ್ಬ ಪುರುಷನಂತೆ ಲಾಟರಿ ಎತ್ತಿ ನಾಗರಿಕ ಸಭೆ ರಚಿಸಿದರು. ಅವರು ತಿಂಗಳುಗಟ್ಟಲೆ ಅಧ್ಯಯನ ಮಾಡಿ ಏಕ ವರ್ಗಾವಣೀಯ ಮತ ಪದ್ಧತಿಯನ್ನು ಶಿಫಾರಸು ಮಾಡಿದರು. 2005ರ ಜನಮತಗಣನೆಯಲ್ಲಿ ಶೇ 57.7 ಜನ ಒಪ್ಪಿದರು. ಆದರೆ ಸರ್ಕಾರ ಶೇ 60 ಬೇಕೆಂದು ಮೊದಲೇ ಷರತ್ತು ಹಾಕಿತ್ತು, ಪ್ರಸ್ತಾವ ಬಿದ್ದುಹೋಯಿತು. 2009ರಲ್ಲಿ ಮತ್ತೆ ಕೇಳಿದಾಗ ಶೇ 39 ಜನ ಮಾತ್ರ ಬೆಂಬಲಿಸಿದರು. ಉತ್ಸಾಹ ಆರಿಹೋಗಿತ್ತು.

ಮತಗಟ್ಟೆ:

ಆ 57.7 ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಶೇ 40ರ ಆಸುಪಾಸಿನ ಮತದಿಂದ ಸರ್ಕಾರಗಳನ್ನು ಹುಟ್ಟಿಸುವ ಪದ್ಧತಿಯನ್ನು ಬದಲಿಸಲು ಶೇ 57.7 ಸಾಲದು ಎಂದರು.

ಬದಲಾವಣೆ ಆದ ಕಡೆ ಅದು ಹೇಗೆ ಆಯಿತು ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ. 1978 ಮತ್ತು 1981ರ ತಲೆಕೆಳಗಾದ ಫಲಿತಾಂಶಗಳ ನಂತರ ನ್ಯೂಜಿಲೆಂಡ್ ಒಂದು ರಾಯಲ್ ಆಯೋಗ, ಅಂದರೆ ಸ್ವತಂತ್ರ ತನಿಖಾ ಸಮಿತಿ ರಚಿಸಿತು. 1986ರಲ್ಲಿ ಅದು ಜರ್ಮನಿಯ ಮಾದರಿಯ ಮಿಶ್ರ ಪದ್ಧತಿಯನ್ನು ಶಿಫಾರಸು ಮಾಡಿತು: ಒಂದು ಮತ ಕ್ಷೇತ್ರದ ಪ್ರತಿನಿಧಿಗೆ, ಇನ್ನೊಂದು ಪಕ್ಷಕ್ಕೆ, ಪಕ್ಷದ ಮತದ ಪ್ರಮಾಣಕ್ಕೆ ತಕ್ಕಂತೆ ಒಟ್ಟು ಸ್ಥಾನ. ಎರಡೂ ದೊಡ್ಡ ಪಕ್ಷಗಳಿಗೆ ಅದು ಹಿಡಿಸಲಿಲ್ಲ. ಆದರೂ 1992ರ ಜನಮತಗಣನೆಯಲ್ಲಿ ಶೇ 84.7 ಮಂದಿ ಬದಲಾವಣೆ ಬೇಕೆಂದರು. 1993ರ ಸಾರ್ವತ್ರಿಕ ಚುನಾವಣೆಯ ದಿನವೇ ನಡೆದ ಅಂತಿಮ ಜನಮತಗಣನೆಯಲ್ಲಿ ಶೇ 53.9 ಮತದಿಂದ ಹೊಸ ಪದ್ಧತಿ ಗೆದ್ದಿತು. ಶೇ 60ರ ಷರತ್ತು ಹಾಕಿದ್ದರೆ ಅಲ್ಲೂ ಬಿದ್ದುಹೋಗುತ್ತಿತ್ತು. 2011ರಲ್ಲಿ ಇದನ್ನು ಉಳಿಸಬೇಕೇ ಎಂದು ಮತ್ತೆ ಜನರನ್ನೇ ಕೇಳಿದರು, ಶೇ 57.8 ಮಂದಿ ಉಳಿಸಿ ಎಂದರು. 15 ವರ್ಷ ಬಳಸಿ ನೋಡಿದ ಮೇಲೆ ಬೆಂಬಲ ಹೆಚ್ಚಾಗಿತ್ತು.

ಹಳೆಯ ಓದುಗರೇ, ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ಪ್ರಸ್ತಾವವನ್ನು ಸಿದ್ಧಪಡಿಸುವವರು ಸಂಸದರಾಗಿರಬಾರದು, ತೀರ್ಪು ಸರಳ ಬಹುಮತದಿಂದ ಆಗಬೇಕು, ಕೆಲವು ಚುನಾವಣೆಗಳ ನಂತರ ಮತ್ತೊಮ್ಮೆ ಜನರನ್ನು ಕೇಳುತ್ತೇವೆಂಬ ಭರವಸೆ ಕಾನೂನಿನಲ್ಲೇ ಇರಬೇಕು. ಮಿತಿಯನ್ನು ಶೇ 3ರಿಂದ 4ರೊಳಗೆ ಇಡಬೇಕು ಎನ್ನುವುದು ನನ್ನ ಅಭಿಪ್ರಾಯ, ಮೇಷ್ಟ್ರು ಇದಕ್ಕಿಂತ ಚೆನ್ನಾಗಿ ಹೇಳಬಲ್ಲರು.

ಹಳೆಯ ಓದುಗ:

ಮತ್ತೊಮ್ಮೆ ಕೇಳುವ ಷರತ್ತು ಕಾನೂನಿನಲ್ಲಿ ಬರೆದಿದ್ದರೆ ನಾನೂ ಒಂದು ಸಲ ಪರೀಕ್ಷೆಗೆ ಮತ ಹಾಕುತ್ತೇನೆ. ಸಣ್ಣ ಪಕ್ಷಗಳ ಚೌಕಾಸಿಯ ಬಗ್ಗೆ ನನ್ನ ಅನುಮಾನ ಹಾಗೆಯೇ ಇದೆ.

ಲೆಕ್ಕದ ಮೇಷ್ಟ್ರು:

ಶೇ 4 ಇರಲಿ. ನ್ಯೂಜಿಲೆಂಡಿನ ಚುನಾವಣಾ ಆಯೋಗವೂ 2012ರಲ್ಲಿ ಮಿತಿಯನ್ನು ಶೇ 5ರಿಂದ 4ಕ್ಕೆ ಇಳಿಸಿ ಎಂದು ಶಿಫಾರಸು ಮಾಡಿತ್ತು. ಅಂದಿನ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ.